ಸಂಬಂಧ: ಅಣ್ಣ

ನಮ್ಮ ಮನೆಯಲ್ಲಿ ಅಪ್ಪನನ್ನು ಅಪ್ಪ ಎಂದು ಕರೆದವರು ಯಾರೂ ಇಲ್ಲ. ನಾನೂ ಕರೆದಿಲ್ಲ, ನನ್ನ ತಂಗಿಯೂ ಕರೆದಿಲ್ಲ. ಗೋವಿಂದರಾಜನಗರದ ಮನೆಯಲ್ಲಿ ನಾನು ಹುಟ್ಟಿದಾಗ ಮೂವರು ಚಿಕ್ಕಪ್ಪಂದಿರು, ಇಬ್ಬರು ಅತ್ತೆಯರು ಇದ್ದರು. ಅವರೆಲ್ಲ ಬೆಳಗಿನಿಂದ ಸಂಜೆಯವರೆಗೆ ‘ಅಣ್ಣಾ, ಅಣ್ಣಾ’ ಎಂದು ಕೂಗುವುದನ್ನು ಕೇಳಿ ನಾನೂ ಅಣ್ಣ ಎಂದೆ. ಯಾರೂ ತಿದ್ದಲಿಲ್ಲ. ನಮ್ಮ ಬೀದಿಯ ಅರ್ಧ ಮನೆಗಳಲ್ಲಿ ಅಪ್ಪನಿಗೆ ಅಣ್ಣ ಎಂದೇ ಹೆಸರು, ಕೆಲವು ಮನೆಗಳಲ್ಲಿ ಅಮ್ಮನಿಗೆ ಅಕ್ಕ. ನೀನು ಎಂದೇ ಮಾತು, ನೀವು ಇಲ್ಲ. ಇದನ್ನು ಹೊರಗಿನವರು ಬೇರೆ ಥರ ಅರ್ಥ ಮಾಡಿಕೊಳ್ಳಬಹುದು ಎಂದು ಇಪ್ಪತ್ತೈದು ವರ್ಷ ನನಗೆ ಹೊಳೆದೇ ಇರಲಿಲ್ಲ. ಹೊಳೆದ ದಿನವೇ ಅದನ್ನು ಉಪಯೋಗಿಸಿಕೊಂಡೆ. ಹೇಳಿಕೊಳ್ಳುವಂಥ ಕತೆ ಅಲ್ಲ ಇದು. ಆದರೂ ಹೇಳಿಬಿಡುತ್ತೇನೆ.

ಅಪ್ಪನ ಹೆಸರು ಕೆಂಪಯ್ಯ. ಮಾಗಡಿ ರಸ್ತೆಯಲ್ಲಿ ಪಂಪ್‌ಸೆಟ್ಟು, ಪೈಪು ಮಾರುವ ಅಂಗಡಿ. ಓದಿದ್ದು ಕನ್ನಡದಲ್ಲಿ ನಾಲ್ಕನೇ ಕ್ಲಾಸಿನವರೆಗೆ. ಪಂಪ್ ಬಿಚ್ಚಿದರೆ ಮಾತ್ರ ಕಂಪನಿಯ ಎಂಜಿನಿಯರೇ ಪಕ್ಕದಲ್ಲಿ ನಿಂತು ನೋಡಬೇಕು, ಅಷ್ಟು ಕೈಗುಣ. ಸಾವಿರದ ಒಂಬೈನೂರ ಎಂಬತ್ತಾರರಲ್ಲಿ ಪಂಪ್ ಕಂಪನಿಯವರು ಒಂದು ಸ್ಕೀಮ್ ಮಾಡಿದರು. ಹೆಚ್ಚು ಪಂಪ್ ಮಾರಿದ ಡೀಲರುಗಳಿಗೆ ಸಿಂಗಪುರ ಪ್ರವಾಸ, ಜೊತೆಗೆ ಮನೆಯವರೊಬ್ಬರನ್ನು ಕರೆದುಕೊಂಡು ಹೋಗಬಹುದು. ಆ ವರ್ಷ ತಾವರೆಕೆರೆಯಿಂದ ಮಾಗಡಿಯವರೆಗೆ ಯಾರ ಬಾಯಲ್ಲಿ ನೋಡಿದರೂ ಬೋರ್‌ವೆಲ್ ಮಾತೇ ಆಗಿದ್ದರಿಂದ ನಮ್ಮ ಅಂಗಡಿಗೆ ಟಿಕೆಟ್ ಬಂತು.

“ನಂಗೇನು ಹುಚ್ಚಾ, ಸಮುದ್ರದ ಮೇಲೆ ಹಾರೋಕೆ? ಮಗನ್ನ ಕರ್ಕೊಂಡು ಹೋಗಿ. ಅವನಿಗೆ ಇಂಗ್ಲಿಷ್ ಬರತ್ತೆ,” ಎಂದು ಅಮ್ಮ ನರಸಮ್ಮ ಕೈತೊಳೆದುಕೊಂಡಳು.

ಇಂಗ್ಲಿಷ್ ಬರುತ್ತಿದ್ದದ್ದು ನಿಜ. ಜ್ಞಾನಭಾರತಿಯಲ್ಲಿ ಇಂಗ್ಲಿಷ್ ಎಂ.ಎ. ಮಾಡಿ, ವಿಜಯನಗರದ ಒಂದು ಖಾಸಗಿ ಕಾಲೇಜಿನಲ್ಲಿ ತಾತ್ಕಾಲಿಕ ಲೆಕ್ಚರರ್ ಆಗಿದ್ದೆ. ಕೆಲಸ ತಾತ್ಕಾಲಿಕ, ಜಂಬ ಮಾತ್ರ ಕಾಯಂ. ಕಾಲೇಜಿನಲ್ಲಿ ಯಾರಿಗೂ ಮನೆಯ ವಿಷಯ ಹೇಳುತ್ತಿರಲಿಲ್ಲ. ಯಾರಾದರೂ ಕೇಳಿದರೆ ‘ಬಿಸಿನೆಸ್’ ಎಂದು ಹೇಳಿ ಮಾತು ತಿರುಗಿಸುತ್ತಿದ್ದೆ. ಅಂಗಡಿಯ ಗ್ರೀಸು ಮೆತ್ತಿದ ಕೈಯಿಂದಲೇ ನನ್ನ ಫೀಸು ಬಂದದ್ದು ಎಂದು ಹೇಳುವ ಧೈರ್ಯ ಇರಲಿಲ್ಲ.

ಅಪ್ಪ ವಿಜಯನಗರದ ಟೈಲರ್ ಹತ್ತಿರ ಬಿಸ್ಕತ್ ಬಣ್ಣದ ಸಫಾರಿ ಸೂಟ್ ಹೊಲಿಸಿಕೊಂಡ. ಜೀವನದಲ್ಲಿ ಮೊದಲ ಸಲ ಬೂಟು ಕೊಂಡ. ಅಮ್ಮ ಹುರಿಹಿಟ್ಟು, ಚಟ್ನಿಪುಡಿ, ನಿಪ್ಪಟ್ಟು ಕಟ್ಟಿಕೊಟ್ಟಳು. ವಿಮಾನ ಮದ್ರಾಸಿನಿಂದ. ಏರ್‌ಪೋರ್ಟಿನ ಒಳಗೆ ನೂರು ಹೆಜ್ಜೆ ನಡೆಯುವಷ್ಟರಲ್ಲಿ ಬೂಟು ಕಚ್ಚಿತು. ಅಪ್ಪ ಸ್ವಲ್ಪವೂ ಹಿಂದುಮುಂದು ನೋಡದೆ ಅದನ್ನು ಬಿಚ್ಚಿ, ಒಂದು ಕೈಯಲ್ಲಿ ಬೂಟು, ಇನ್ನೊಂದು ಕೈಯಲ್ಲಿ ನಿಪ್ಪಟ್ಟಿನ ಡಬ್ಬ ಹಿಡಿದು ಆ ಹೊಳೆಯುವ ನೆಲದ ಮೇಲೆ ಬರಿಗಾಲಲ್ಲಿ ನಡೆದ. ಸೀಲು ಒತ್ತುವವನಿಗೆ ‘ಸಾಮಿ’ ಎಂದು ಕೈಮುಗಿದ. ನಾನು ಹತ್ತು ಹೆಜ್ಜೆ ಹಿಂದೆ ಬಿದ್ದೆ. ಬೇಕೆಂದೇ ಬಿದ್ದೆ.

ನಮ್ಮ ಗುಂಪಿನಲ್ಲಿ ಹದಿನಾಲ್ಕು ಜನ. ಅದರಲ್ಲಿ ರಾಜಾಜಿನಗರದ ಡೀಲರ್ ಜಗನ್ನಾಥ ಎಂಬುವರು ತಮ್ಮ ಮಗಳು ಪ್ರಭಾಳನ್ನು ಕರೆತಂದಿದ್ದರು. ಅವಳು ಬಸವೇಶ್ವರನಗರದ ಶಾಲೆಯೊಂದರಲ್ಲಿ ಟೀಚರ್. ಕೈಯಲ್ಲಿ ಇಂಗ್ಲಿಷ್ ಕಾದಂಬರಿ ಹಿಡಿದು ಕುಳಿತಿದ್ದಳು. ನಾನು ಪಕ್ಕದಲ್ಲಿ ಹೋಗಿ ಕುಳಿತೆ ಎಂದು ಬೇರೆ ಹೇಳಬೇಕಿಲ್ಲ. ಕಾದಂಬರಿಯ ಬಗ್ಗೆ ಒಂದೆರಡು ದೊಡ್ಡ ಮಾತು ಆಡುತ್ತಿದ್ದಾಗ ದೂರದಿಂದ ಅಪ್ಪ ಕೂಗಿದ.

“ಲೋ ವೆಂಕಟೇಶಾ, ಚೀಟಿ ಎಲ್ಲೋ?”

“ನಿನ್ ಜೇಬಲ್ಲೇ ಇದೆ ನೋಡ್ಕೊಳಣ್ಣ,” ಎಂದೆ.

ಜಗನ್ನಾಥರು ನಕ್ಕರು. “ನಿಮ್ಮ ಅಣ್ಣನಾ? ಮುಖ ಒಂದೇ ಥರ ಇದೆ ನೋಡಿ, ಅಚ್ಚು ಹೊಯ್ದ ಹಾಗೆ.”

ಅವರ ತಪ್ಪೇನೂ ಇಲ್ಲ. ಅಪ್ಪನಿಗೆ ಹತ್ತೊಂಬತ್ತಕ್ಕೇ ನಾನು ಹುಟ್ಟಿದವನು. ನಲವತ್ತನಾಲ್ಕರಲ್ಲೂ ಅವನ ತಲೆಯ ಒಂದು ಕೂದಲು ಬೆಳ್ಳಗಾಗಿರಲಿಲ್ಲ. ನನಗೋ ಆಗಲೇ ಹಣೆ ಮೇಲಕ್ಕೆ ಹತ್ತಿತ್ತು. ‘ಅಣ್ಣ ಅಲ್ಲ, ಅಪ್ಪ. ನಮ್ಮಲ್ಲಿ ಹಾಗೆ ಕರೆಯೋದು’ ಎಂದು ಹೇಳುವುದಕ್ಕೆ ಎಷ್ಟು ಹೊತ್ತು ಬೇಕು? ನಾನು ಬರಿಗಾಲಲ್ಲಿ ನಿಂತು ಜೇಬು ತಡಕುತ್ತಿದ್ದವನನ್ನು ನೋಡಿದೆ, ಪ್ರಭಾಳ ಕಾದಂಬರಿಯನ್ನು ನೋಡಿದೆ.

“ಹೂಂ,” ಎಂದೆ.

“ತಂದೆಯವರು?” ಎಂದು ಪ್ರಭಾ ಕೇಳಿದಳು.

ಈ ಸಲ ಬಾಯಿಬಿಟ್ಟು ಸುಳ್ಳು ಹೇಳಲಿಲ್ಲ. ತಲೆ ತಗ್ಗಿಸಿದೆ, ಅಷ್ಟೇ. ತಗ್ಗಿಸುವಾಗಲೇ ಅವಳು ಏನು ತಿಳಿಯುತ್ತಾಳೆ ಎಂದು ನನಗೆ ಗೊತ್ತಿತ್ತು. “ಅಯ್ಯೋ, ಸಾರಿ,” ಎಂದಳು ಮೆಲ್ಲಗೆ. ಆಮೇಲೆ ಅಪ್ಪನ ಕಡೆ ಬೇರೆಯೇ ಕಣ್ಣಿನಿಂದ ನೋಡಿ, “ಹಾಗಾದ್ರೆ ನಿಮ್ಮನ್ನ ಓದಿಸಿದ್ದು ಅಣ್ಣನೇನಾ?” ಎಂದಳು.

“ಹೂಂ. ಎಲ್ಲಾ ಅವನೇ,” ಎಂದೆ. ಆ ಒಂದು ಮಾತು ಮಾತ್ರ ನಿಜವಾಗಿತ್ತು. ಅದನ್ನು ಹೇಳುವಾಗ ನನ್ನ ದನಿಯೂ ಸ್ವಲ್ಪ ತುಂಬಿ ಬಂತು. ಹದಿನೈದು ಗಜ ದೂರದಲ್ಲಿ ನಿಂತಿದ್ದ ಹೆತ್ತಪ್ಪನನ್ನು ಸಾಯಿಸಿ, ಅವನ ತ್ಯಾಗಕ್ಕೆ ನಾನೇ ಕಣ್ಣೀರು ತಂದುಕೊಂಡೆ. ನನ್ನ ಕೆನ್ನೆಗೆ ಬಾರಿಸುವವರು ಅಲ್ಲಿ ಯಾರೂ ಇರಲಿಲ್ಲ.

ಆಮೇಲಿನ ಮೂರು ದಿನ ನನ್ನ ಕೆಲಸ ಒಂದೇ, ಅಪ್ಪನನ್ನೂ ಆ ಅಪ್ಪ ಮಗಳನ್ನೂ ದೂರ ಇಡುವುದು. ಬಸ್ಸಿನಲ್ಲಿ ಅಪ್ಪನನ್ನು ಮುಂದೆ ಕೂರಿಸಿ ನಾನು ಹಿಂದೆ ಹೋಗುತ್ತಿದ್ದೆ. ಊಟದ ಮೇಜಿನಲ್ಲಿ ಅವನನ್ನು ದೊಡ್ಡಹನುಮಯ್ಯ ಎಂಬ ಕೆಂಗೇರಿಯ ಮುದುಕ ಡೀಲರ್ ಪಕ್ಕಕ್ಕೆ ತಳ್ಳುತ್ತಿದ್ದೆ. ಅಪ್ಪ ಇದನ್ನೆಲ್ಲ ಬೇರೆ ಥರ ತಿಳಿದ. ಒಂದು ಸಂಜೆ ಕಣ್ಣು ಮಿಟುಕಿಸಿ, “ಹುಡುಗಿ ಚೆನ್ನಾಗವ್ಳೆ ಕಣೋ. ನಾನೇನ್ ಅಡ್ಡ ಬರಲ್ಲ, ನೀನು ಮಾತಾಡ್ಕೋ,” ಎಂದ. ಅವತ್ತಿನಿಂದ ತಾನಾಗಿಯೇ ದೂರ ಕೂರತೊಡಗಿದ.

ಮೂರನೆಯ ದಿನ ಟೂರ್ ಮ್ಯಾನೇಜರ್ ಒಂದು ಸುದ್ದಿ ತಂದ. ಇನ್ನೂ ಮೂರು ದಿನ ಕೈಯಲ್ಲಿದೆ, ಬೇಕಾದವರು ಪಕ್ಕದ ಮಲೇಷ್ಯಾ ನೋಡಿ ಬರಬಹುದು, ಅವರ ರಾಯಭಾರ ಕಚೇರಿಯಲ್ಲಿ ಪ್ರವಾಸಿ ವೀಸಾ ಕೇಳಬೇಕು, ಮಾರನೆಯ ದಿನವೇ ಕೊಡುತ್ತಾರೆ. ಅಲ್ಲಿ ಗುಹೆಯೊಳಗೆ ದೊಡ್ಡ ಸುಬ್ರಹ್ಮಣ್ಯನ ದೇವಸ್ಥಾನ ಇದೆ ಎಂದೂ ಹೇಳಿದ. ಉಳಿದವರು ಅಂಗಡಿ ಬೀದಿಯ ವಿಷಯ ಕೇಳುತ್ತಿದ್ದರೆ ಅಪ್ಪನ ಕಿವಿ ದೇವಸ್ಥಾನಕ್ಕೆ ನೆಟ್ಟಿತ್ತು.

“ವರ್ಷಾ ವರ್ಷಾ ಘಾಟಿ ಸುಬ್ರಮಣ್ಯಕ್ಕೆ ಹೋಗ್ತೀವಲ್ಲೋ. ಇಷ್ಟ್ ದೂರ ಬಂದು ಈ ಸ್ವಾಮಿನ ನೋಡ್ದೆ ಹೋದ್ರೆ ಆಯ್ತದಾ? ನಿನ್ ಕೆಲ್ಸ ಪರ್ಮನೆಂಟ್ ಆಗ್ಲಿ ಅಂತ ಒಂದ್ ಕಾಯಿ ಒಡ್ದು ಬರಾಣ,” ಎಂದ.

ನಾನು ಬೇಡ ಎನ್ನಬಹುದಿತ್ತು. ಪ್ರಭಾ ಹೋಗುತ್ತಿದ್ದಳು, ಅದಕ್ಕೆ ಹೂಂ ಎಂದೆ.

ಗುರುವಾರ ಬೆಳಗ್ಗೆ ರಾಯಭಾರ ಕಚೇರಿಗೆ ಹತ್ತು ಜನ ಹೋದೆವು. ಗೋಡೆಗೆ ಒರಗಿಸಿದ ಬೆಂಚು, ಗಾಜಿನ ಹಿಂದೆ ಗುಮಾಸ್ತರು, ತಣ್ಣಗಿನ ಎ.ಸಿ. ಎಲ್ಲರಿಗೂ ಒಂದೊಂದು ಅರ್ಜಿ ಕೊಟ್ಟರು. ನಮ್ಮ ಡೀಲರುಗಳಲ್ಲಿ ಹೆಚ್ಚಿನವರಿಗೆ ಇಂಗ್ಲಿಷ್ ಬರೆಯಲು ಬಾರದು. ಟೀಚರ್ ಪ್ರಭಾ ಬೆಂಚಿನ ಮೇಲೆ ಕುಳಿತು, ತೊಡೆಯ ಮೇಲೆ ಕಾದಂಬರಿ, ಅದರ ಮೇಲೆ ಅರ್ಜಿ ಇಟ್ಟುಕೊಂಡು ಒಬ್ಬೊಬ್ಬರದೇ ಮುದ್ದಾಗಿ ಬರೆದುಕೊಟ್ಟಳು. ಪಾಸ್‌ಪೋರ್ಟುಗಳೆಲ್ಲ ಟೂರ್ ಮ್ಯಾನೇಜರನ ಚೀಲದಲ್ಲಿದ್ದವು. ಅವನು ಪಟ್ಟಿ ನೋಡಿ ನಂಬರು ಹೇಳುತ್ತಿದ್ದ.

ನಾನು ಅಷ್ಟರಲ್ಲಿ ಫೋಟೋ ಅಂಟಿಸಲು ಗೋಂದು ಹುಡುಕಿಕೊಂಡು ಹೊರಗೆ ಹೋಗಿದ್ದೆ. ಹತ್ತು ನಿಮಿಷದಲ್ಲಿ ತಿರುಗಿ ಬಂದರೆ ಅಪ್ಪ ಪ್ರಭಾಳ ಎದುರು ಕೈಕಟ್ಟಿ ನಿಂತಿದ್ದ.

“ನಿಮ್ಮ ತಂದೆ ಹೆಸರು ಹೇಳಿ,” ಎಂದು ಅವಳು ಕೇಳುತ್ತಿದ್ದಳು.

“ಬೈರಯ್ಯ ಕಣಮ್ಮ. ತೀರ್ಕೊಂಡು ಹನ್ನೆರಡು ವರ್ಷ ಆಯ್ತು.”

“ಗೊತ್ತಾಯ್ತು, ಇವರು ಹೇಳಿದ್ರು,” ಎಂದು ಅವಳು ನನ್ನ ಕಡೆ ನೋಡಿ ಕನಿಕರದಿಂದ ನಕ್ಕಳು. ಅಪ್ಪ ತನ್ನ ತಂದೆಯ ವಿಷಯ ಮಗ ಈ ಹುಡುಗಿಗೆ ಹೇಳಿದ್ದಾನಲ್ಲ ಎಂದು ಸಂತೋಷಪಟ್ಟುಕೊಂಡು ಬೆಂಚಿಗೆ ಹೋಗಿ ಕುಳಿತ.

“ನಿಮ್ಮದೂ ಬರೆದುಬಿಟ್ಟೆ,” ಎಂದು ಪ್ರಭಾ ಎರಡು ಅರ್ಜಿಗಳನ್ನು ನನ್ನ ಕೈಗಿಟ್ಟಳು. “ಒಂದೇ ಮನೆ, ಒಂದೇ ವಿಳಾಸ, ಸುಲಭ ಆಯ್ತು. ಸೈನ್ ಹಾಕಿ, ಸಾಕು.”

ನೋಡಿದೆ. ಅಪ್ಪನ ಅರ್ಜಿಯಲ್ಲಿ, ಜೊತೆಯಲ್ಲಿ ಬರುವವರು: ವೆಂಕಟೇಶ್. ಸಂಬಂಧ: ತಮ್ಮ. ನನ್ನದರಲ್ಲಿ, ಜೊತೆಯಲ್ಲಿ ಬರುವವರು: ಕೆಂಪಯ್ಯ. ಸಂಬಂಧ: ಅಣ್ಣ. ತಂದೆಯ ಹೆಸರು: ಬೈರಯ್ಯ. ಎಲ್ಲ ಚೊಕ್ಕವಾದ ಇಂಗ್ಲಿಷ್ ಅಕ್ಷರಗಳಲ್ಲಿ. ಕೆಳಗೆ ಸಣ್ಣ ಅಕ್ಷರದಲ್ಲಿ, ಮೇಲೆ ಬರೆದಿರುವುದೆಲ್ಲ ಸತ್ಯ, ಸುಳ್ಳಾದರೆ ನಾನೇ ಹೊಣೆ ಎಂದು ಇತ್ತು.

ಇನ್ನೊಂದು ಅರ್ಜಿ ಕೇಳಬೇಕಿತ್ತು. ಕೇಳಿದರೆ ಏಕೆ ಎಂದು ಪ್ರಭಾ ಕೇಳುತ್ತಾಳೆ. ಅವಳು ಪೆನ್ನು ಚಾಚಿಕೊಂಡು ನಿಂತಿದ್ದಳು. ಪಾಸ್‌ಪೋರ್ಟಿನ ಹಿಂದಿನ ಪುಟವನ್ನು ಯಾರು ನೋಡುತ್ತಾರೆ, ಒಂದು ದಿನದ ವೀಸಾಕ್ಕೆ ಇಷ್ಟೆಲ್ಲ ಯಾರು ಓದುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡು ಸಹಿ ಹಾಕಿದೆ. ಅಪ್ಪನ ಅರ್ಜಿಯನ್ನು ಅವನ ಮುಂದೆ ಹಿಡಿದೆ. ಅವನು ಓದಲಾಗದ ಕಾಗದದ ಕೆಳಗೆ, ನಾನು ತೋರಿಸಿದ ಕಡೆ, ಕೆ ಅಕ್ಷರಕ್ಕೆ ಸುತ್ತು ಹಾಕಿ ನಿಧಾನವಾಗಿ ಕನ್ನಡದಲ್ಲಿ ‘ಕೆಂಪಯ್ಯ’ ಎಂದು ಬರೆದ. ಮಗ ಕೊಟ್ಟ ಕಾಗದ, ಇನ್ನೇನು ಕೇಳುವುದಿದೆ ಎಂಬಂತೆ ಬರೆದ.

ಗಾಜಿನ ಹಿಂದಿದ್ದ ಗುಮಾಸ್ತರು ತಮಿಳಿನವರು. ಹಣೆಯಲ್ಲಿ ವಿಭೂತಿ, ಮೂಗಿನ ತುದಿಯಲ್ಲಿ ಕನ್ನಡಕ. ಉಳಿದ ಎಂಟು ಜನರ ಅರ್ಜಿ ಸರಸರ ತೆಗೆದುಕೊಂಡರು. ನಮ್ಮಿಬ್ಬರದು ಬಂದಾಗ ಪಾಸ್‌ಪೋರ್ಟಿನ ಕೊನೆಯ ಪುಟ ತಿರುಗಿಸಿದರು, ಅರ್ಜಿ ನೋಡಿದರು, ಮತ್ತೆ ಪುಟ ತಿರುಗಿಸಿದರು.

ಅವರು ಅಪ್ಪನನ್ನು ಗಾಜಿನ ಹತ್ತಿರ ಕರೆದು ನನ್ನ ಕಡೆ ಬೆರಳು ತೋರಿಸಿದರು. “ಇವರ್ ಉಂಗ ತಂಬಿಯಾ?”

ಮಾಗಡಿ ರಸ್ತೆಯಲ್ಲಿ ವ್ಯಾಪಾರ ಮಾಡುವವನಿಗೆ ಅಷ್ಟು ತಮಿಳು ಬಂದೇ ಬರುತ್ತದೆ. ಅಪ್ಪ ದೊಡ್ಡದಾಗಿ ನಕ್ಕ. “ತಂಬಿ ಇಲ್ಲೆ ಸಾಮಿ. ಮಗನ್. ಎನ್ ಮಗನ್!” ಎಂದ. ಅವನ ದನಿ ಮೊದಲೇ ದೊಡ್ಡದು, ಆ ಕೋಣೆಯಲ್ಲಿ ಇನ್ನೂ ದೊಡ್ಡದಾಗಿ ಕೇಳಿಸಿತು. ಹೆಮ್ಮೆಯಿಂದ ನನ್ನ ಭುಜದ ಮೇಲೆ ಕೈ ಬೇರೆ ಹಾಕಿದ.

ಗುಮಾಸ್ತರು ನಗಲಿಲ್ಲ. ಎರಡು ಅರ್ಜಿಗಳನ್ನು ಗಾಜಿಗೆ ಒತ್ತಿ ಹಿಡಿದು ನನ್ನನ್ನು ಇಂಗ್ಲಿಷಿನಲ್ಲಿ ಕೇಳಿದರು. ಪಾಸ್‌ಪೋರ್ಟಿನಲ್ಲಿ ಇವರು ನಿಮ್ಮ ತಂದೆ. ಅರ್ಜಿಯಲ್ಲಿ ಅಣ್ಣ. ತಂದೆಯ ಹೆಸರೂ ಬೇರೆ. ಸಹಿ ನಿಮ್ಮದೇ. ಯಾವುದು ಸುಳ್ಳು?

ಎಂ.ಎ. ಇಂಗ್ಲಿಷ್ ಎಲ್ಲಿ ಹೋಯಿತೋ. ಬೆನ್ನ ಹಿಂದೆ ಬೆಂಚಿನಲ್ಲಿದ್ದವರೆಲ್ಲ ಮಾತು ನಿಲ್ಲಿಸಿದ್ದು ಗೊತ್ತಾಯಿತು.

“ಏನಂತೋ?” ಎಂದ ಅಪ್ಪ.

ಪ್ರಭಾ ಎದ್ದು ಬಂದಳು. ತಾನೇ ಏನೋ ತಪ್ಪು ಬರೆದೆನೆಂದು ಗಾಬರಿಯಾಗಿದ್ದಳು, ಪಾಪ. “ಇವರು ನಿಮ್ಮ ತಮ್ಮ ಅಂತ ಬರೆದಿದೀನಿ. ಯಾಕೆ, ನೀವು ಇವರ ಅಣ್ಣ ಅಲ್ವಾ? ಇವರೇ ಹೇಳಿದ್ರು, ತಂದೆ...” ಎಂದು ಅಲ್ಲಿಗೇ ನಿಲ್ಲಿಸಿದಳು. ನನ್ನ ಮುಖ ನೋಡಿದಳು. ಎಲ್ಲ ಅರ್ಥವಾಯಿತು ಎಂದು ಕಾಣುತ್ತದೆ, ಬಾಯಿಗೆ ಕೈ ಅಡ್ಡ ಹಿಡಿದಳು.

ಅಪ್ಪನೂ ನನ್ನ ಮುಖ ನೋಡಿದ. ಒಂದೇ ಒಂದು ಸಲ. ಭುಜದ ಮೇಲಿದ್ದ ಕೈ ಹಾಗೇ ಇತ್ತು. ಆಮೇಲೆ ಅದನ್ನು ಮೆಲ್ಲಗೆ ತೆಗೆದುಕೊಂಡ. ಯಾರದೋ ಮೇಲೆ ತಿಳಿಯದೆ ಇಟ್ಟ ಕೈಯನ್ನು ತೆಗೆಯುವಷ್ಟು ಮರ್ಯಾದೆಯಿಂದ ತೆಗೆದುಕೊಂಡ.

ಮರುಕ್ಷಣವೇ ಹಣೆ ಬಡಿದುಕೊಂಡು ನಗತೊಡಗಿದ. “ನಂದೇ ತಪ್ಪು ಸಾಮಿ, ನಂದೇ ತಪ್ಪು,” ಎಂದು ಕನ್ನಡ ತಮಿಳು ಎರಡನ್ನೂ ಕಲಸಿ ಗಾಜಿನವರಿಗೆ ಹೇಳಿದ. ನಮ್ಮ ಮನೆಯಲ್ಲಿ ನನ್ನನ್ನು ಎಲ್ಲರೂ ಅಣ್ಣ ಅನ್ನುತ್ತಾರೆ, ಈ ಹುಡುಗನೂ ಹಾಗೇ ಅನ್ನುತ್ತಾನೆ. ಈ ಮಗು ಬಂದು ಕೇಳಿದಾಗ ನಾನೇ ಹಾಗೆ ಬರೆಯಮ್ಮ ಅಂದೆ. ಓದು ಬಾರದವನು, ತಿಳಿಯಲಿಲ್ಲ. ನನ್ನ ಮಗ ಹೊರಗೆ ಹೋಗಿದ್ದ, ಬಂದವನು ನನ್ನ ಮೇಲಿನ ನಂಬಿಕೆಯಿಂದ ನೋಡದೆ ಸೈನ್ ಹಾಕಿದ. ಬಯ್ಯುವುದಾದರೆ ನನ್ನನ್ನು ಬಯ್ಯಿರಿ. ಹೀಗೆ ಹೇಳುತ್ತ ಎರಡೂ ಕೈಯಿಂದ ಕೆನ್ನೆ ಬಡಿದುಕೊಂಡ. ಬೆಂಚಿನಲ್ಲಿದ್ದ ದೊಡ್ಡಹನುಮಯ್ಯ ಕಿಸಕ್ಕನೆ ನಕ್ಕ. “ಏನ್ ಕೆಂಪಯ್ಯ, ಮಗನ್ನೇ ತಮ್ಮ ಮಾಡ್ಕೊಂಬುಟ್ಟೆ!” ಎಂದ. ಎಲ್ಲರೂ ನಕ್ಕರು. ಅಪ್ಪ ಎಲ್ಲರಿಗಿಂತ ಜೋರಾಗಿ ನಕ್ಕ.

ಗುಮಾಸ್ತರು ನನ್ನನ್ನೇ ನೋಡುತ್ತಿದ್ದರು. “ಏನು ಕೆಲಸ ನಿಮ್ಮದು?” ಎಂದರು.

“ಲೆಕ್ಚರರ್.”

“ಯಾವ ವಿಷಯ?”

“ಇಂಗ್ಲಿಷ್.”

ಅವರು ಎರಡು ಅರ್ಜಿಗಳನ್ನು ಬೇರೆ ಎತ್ತಿಟ್ಟರು. ಇದು ನನ್ನ ಕೈಯಲ್ಲಿಲ್ಲ, ದೊಡ್ಡ ಅಧಿಕಾರಿಗಳು ನೋಡಬೇಕು, ಸೋಮವಾರ ಬನ್ನಿ ಎಂದರು. ನಮ್ಮ ವಿಮಾನ ಭಾನುವಾರ. ಎಂಟು ಜನರಿಗೆ ವೀಸಾ ಆಯಿತು, ಅಪ್ಪನಿಗೂ ನನಗೂ ಇಲ್ಲ.

ಹೊರಗೆ ಮೆಟ್ಟಿಲ ಹತ್ತಿರ ಪ್ರಭಾ ನನಗೋಸ್ಕರ ನಿಂತಿದ್ದಳು. ಅಪ್ಪ ಮುಂದೆ ದೊಡ್ಡಹನುಮಯ್ಯನ ಜೊತೆ ನಡೆದಿದ್ದ.

“ನಾನು ಏನೂ ಹೇಳಲಿಲ್ಲ. ನೀವೇ...” ಎಂದು ಶುರುಮಾಡಿದೆ. ಎಂಥ ದರಿದ್ರ ಮಾತು ಅದು!

“ಅವತ್ತು ನಾನು ನಿಮಗೆ ಸಾರಿ ಅಂದೆ,” ಎಂದಳು. “ಅದನ್ನ ವಾಪಸ್ ತಗೊಂಡಿದೀನಿ.” ಇನ್ನೂ ಏನೋ ಹೇಳಲು ಹೊರಟವಳು ಬೇಡವೆಂದು ಅಪ್ಪನ ಕಡೆ ನಡೆದಳು. ಮುಂದೆ ಹೋಗಿ ಅವನಿಗೆ ಏನೋ ಹೇಳಿದಳು. ಅವನು ಕೈ ಆಡಿಸಿ ಬಿಡಮ್ಮ ಬಿಡಮ್ಮ ಎನ್ನುತ್ತಿದ್ದದ್ದು ಕಾಣಿಸಿತು. ಆಮೇಲೆ ಅವಳು ನನ್ನೊಂದಿಗೆ ಮಾತಾಡಲಿಲ್ಲ.

ಮಾರನೆಯ ದಿನ ವೀಸಾ ಸಿಕ್ಕ ಎಂಟು ಜನ ಬಸ್ಸು ಹತ್ತಿದರು. ಹೋಟೆಲಿನ ಕೋಣೆಯಲ್ಲಿ ನಾವಿಬ್ಬರೇ ಉಳಿದೆವು. ಅಪ್ಪ ದೇವರಿಗೆಂದು ಕೊಂಡಿದ್ದ ತೆಂಗಿನಕಾಯನ್ನು ದೊಡ್ಡಹನುಮಯ್ಯನ ಕೈಯಲ್ಲಿ ಕೊಟ್ಟು ಕಳಿಸಿದ. ನನ್ನ ಹೆಸರು, ನಕ್ಷತ್ರ ಎರಡೂ ಬಾಯಿಪಾಠ ಮಾಡಿಸಿ ಕಳಿಸಿದ. ಆಮೇಲೆ ಮಂಚದ ಮೇಲೆ ಚಕ್ಕಂಬಕ್ಕಳ ಹಾಕಿ ಕುಳಿತು ಹುರಿಹಿಟ್ಟು ಕಲಸಿದ. ಅವನು ಬಯ್ಯಲಿ ಎಂದು ಕಾಯುತ್ತಿದ್ದೆ. ಒಂದು ಏಟು ಹೊಡೆದಿದ್ದರೂ ಸುಖವಾಗಿರುತ್ತಿತ್ತು.

“ಅಣ್ಣ, ನಾನು...” ಎಂದೆ.

“ಬೆಲ್ಲ ಕಮ್ಮಿ ಆಯ್ತಾ ನೋಡು,” ಎಂದು ಒಂದು ಉಂಡೆ ನನ್ನ ಕೈಗಿಟ್ಟ. ಅಷ್ಟಕ್ಕೇ ಮಾತು ಮುಗಿಯಿತು.

ಊರಿಗೆ ಬಂದ ಮೇಲೆ ಅಪ್ಪ ಆ ಕತೆಯನ್ನು ಅಂಗಡಿಗೆ ಬಂದವರಿಗೆಲ್ಲ ಹೇಳಿದ. ಅಮ್ಮನಿಗೆ ಹೇಳಿದ, ಎದುರುಮನೆ ಮುನಿತಾಯಮ್ಮನಿಗೆ ಹೇಳಿದ, ಪೈಪು ಕೊಳ್ಳಲು ಬಂದ ರೈತರಿಗೆ ಹೇಳಿದ. ಪ್ರತಿ ಸಲವೂ ದಡ್ಡ ಅವನೇ. ನಾನು ಅಪ್ಪನ ಮಾತು ನಂಬಿ ಮೋಸಹೋದ ಓದಿದ ಮಗ. ಕೇಳಿದವರು ಹೊಟ್ಟೆ ಹಿಡಿದು ನಗುತ್ತಿದ್ದರು. ನಾನು ಒಳಗೆ ಕೂತು ಇದನ್ನೆಲ್ಲ ಕೇಳುತ್ತಿದ್ದೆ. ಎದ್ದು ಹೋಗಿ ‘ಹಾಗಲ್ಲ ನಡೆದದ್ದು’ ಎಂದು ಒಂದು ದಿನವೂ ಹೇಳಲಿಲ್ಲ. ಆದರೆ ಕಾಲೇಜಿಗೆ ರಜೆ ಇದ್ದ ದಿನ ಅಂಗಡಿಯಲ್ಲಿ ಬಂದು ಕೂರತೊಡಗಿದೆ. ಯಾರಾದರೂ ನನ್ನ ಕಾಲೇಜಿನ ಕಡೆಯವರು ಬಂದರೆ ಸಾಕು, ಎಲ್ಲರೆದುರಿಗೆ ‘ಇವರು ನಮ್ಮ ತಂದೆ’ ಎಂದು ಹೇಳಿಬಿಡಬೇಕು, ಆಗ ಈ ಉರಿ ಕಡಿಮೆಯಾಗುತ್ತದೆ ಎಂದುಕೊಂಡಿದ್ದೆ.

ಅಂಥ ದಿನ ಬಂತು. ಒಂದು ಶನಿವಾರ ಮಧ್ಯಾಹ್ನ ಅಂಗಡಿಯ ಮುಂದೆ ಸ್ಕೂಟರ್ ನಿಂತಿತು. ಇಳಿದವರು ನಮ್ಮ ಕಾಲೇಜಿನ ಇಂಗ್ಲಿಷ್ ವಿಭಾಗದ ಮುಖ್ಯಸ್ಥರು, ಗೋಪೀನಾಥ್ ಸರ್. ನನ್ನ ಕೆಲಸ ಕಾಯಂ ಆಗಬೇಕಾದದ್ದು ಅವರ ಕೈಯಿಂದಲೇ. ಬಸವೇಶ್ವರನಗರದಲ್ಲಿ ಕಟ್ಟಿಸುತ್ತಿದ್ದ ಮನೆಯ ನೀರಿನ ಸಂಪ್‌ಗೆ ಮೋಟರ್ ಬೇಕಾಗಿತ್ತು. ಒಳಗೆ ನನ್ನನ್ನು ನೋಡಿ ಅವರಿಗೆ ಆಶ್ಚರ್ಯ.

“ಏನ್ರೀ ವೆಂಕಟೇಶ್, ನಿಮ್ಮದಾ ಅಂಗಡಿ? ಹೇಳೇ ಇಲ್ಲವಲ್ರೀ!” ಎಂದವರು, ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಮೋಟರ್ ಬಿಚ್ಚುತ್ತಿದ್ದ ಅಪ್ಪನ ಕಡೆ ನೋಡಿದರು. “ಇವರು?”

ನಾನು ಎದ್ದು ನಿಂತೆ. ಈ ಸಲ ನಿಜವಾಗಿಯೂ ಬಾಯಿ ತೆರೆದಿದ್ದೆ. ಆದರೆ ಅಪ್ಪ ನನಗಿಂತ ಚುರುಕು. ಕೈಯನ್ನು ಬಟ್ಟೆಗೆ ಒರೆಸಿಕೊಂಡು ಎದ್ದು, ಬಗ್ಗಿ ನಮಸ್ಕಾರ ಮಾಡಿದ.

“ನಾನು ಅವರಣ್ಣ, ಸಾರ್,” ಎಂದ.

‘ಅವರ’ ಎಂದ ನನ್ನನ್ನು. ಹುಟ್ಟಿದಾಗಿನಿಂದ ‘ಲೋ’ ಎಂದವನು.

“ಇಲ್ಲ ಸರ್,” ಎಂದೆ. “ಇವರು ನಮ್ಮ ತಂದೆ. ನಮ್ಮ ತಂದೆ ಸರ್.”

ಅಪ್ಪ ನನ್ನ ಕಡೆ ನೋಡದೆ ನಕ್ಕ. “ಹಂಗೇ ಅನ್ನೋದು ಸಾರ್ ಅವರು. ಓದ್ಸಿದ್ದು ನಾನಲ್ವಾ, ಅದಕ್ಕೆ.”

ಗೋಪೀನಾಥ್ ಸರ್ ಮುಖ ಮೆತ್ತಗಾಯಿತು. ನನ್ನ ಬೆನ್ನು ತಟ್ಟಿದರು. “ಈ ಕಾಲದಲ್ಲಿ ಅಣ್ಣನ್ನ ತಂದೆ ಅಂತ ತಿಳಿಯೋ ಹುಡುಗರು ಎಲ್ಲಿದಾರೆ? ತುಂಬಾ ಸಂತೋಷ ಆಯ್ತು ಕಣ್ರೀ.”

“ಸರ್, ನಿಜವಾಗ್ಲೂ...”

“ಗೊತ್ತಾಯ್ತು, ಗೊತ್ತಾಯ್ತು. ಈ ಗುಣ ಬಿಡಬೇಡಿ,” ಎಂದು ಅವರು ಮೋಟರಿನ ಕಡೆ ತಿರುಗಿದರು. ಅಪ್ಪ ಸ್ಟೂಲು ಒರೆಸಿ ಅವರನ್ನು ಕೂರಿಸಿದ, ಮೋಟರ್ ತೋರಿಸಿದ, ಮೂರು ವರ್ಷ ಕೈಕೊಡಲ್ಲ ಸಾರ್ ಎಂದು ಭರವಸೆ ಕೊಟ್ಟ. ನಾನು ಎದುರು ಹೋಟೆಲಿನಿಂದ ಕಾಫಿ ತಂದುಕೊಟ್ಟೆ. ಹೋಗುವಾಗ ಅವರು ಅಪ್ಪನ ಎರಡೂ ಕೈ ಹಿಡಿದುಕೊಂಡು, “ನಿಮ್ಮಂಥ ಅಣ್ಣ ಎಲ್ಲರಿಗೂ ಸಿಗಲ್ಲ,” ಎಂದರು.

ಸ್ಕೂಟರ್ ಹೋದ ಮೇಲೆ ಅಪ್ಪನ ಎದುರು ಕುಳಿತೆ. “ಯಾಕೆ ಹಂಗಂದೆ? ನಾನು ನಿಜ ಹೇಳ್ದೆ ತಾನೇ?”

ಅಪ್ಪ ಬಿಚ್ಚಿಟ್ಟಿದ್ದ ಮೋಟರಿನ ಬೋಲ್ಟುಗಳನ್ನು ಒಂದೊಂದಾಗಿ ಸೀಮೆಎಣ್ಣೆಯಲ್ಲಿ ಅದ್ದುತ್ತಿದ್ದ. ತಲೆ ಎತ್ತದೆ ಹೇಳಿದ.

“ಆವತ್ತು ಆ ಗಾ‍ಜಿನ್ ಮುಂದೆ ನಿನ್ ಮುಖ ನೋಡ್ದೆ ಕಣೋ. ನಿನ್ನ ನನ್ ಮಗ ಅಂದಿದ್ಕೆ ಹಂಗಾಗಿತ್ತು. ಇನ್ನೊಂದ್ ಸಲ ಅಂಥಾ ಮುಖ ನೋಡಕ್ಕೆ ನನ್ ಕೈಲಾಗಲ್ಲ.”

ನನಗೆ ಅಳು ಬಂತು. ಅಂಗಡಿಯಲ್ಲಿ, ಹಗಲು ಹೊತ್ತಿನಲ್ಲಿ, ರಸ್ತೆಗೆ ಕಾಣುವಂತೆ ಅತ್ತೆ. ನಾನು ತಂದೆ ಎಂದರೂ ಅವನು ನಂಬುವುದಿಲ್ಲ, ನಂಬದಂತೆ ಮಾಡಿದವನು ನಾನೇ. ಅಪ್ಪ ಗಾಬರಿಯಾಗಿ ಎದ್ದು, ಸೀಮೆಎಣ್ಣೆಯ ಕೈ ನನಗೆ ತಾಗದಂತೆ ಮೊಣಕೈಯಿಂದ ನನ್ನನ್ನು ಒಳಕ್ಕೆ ತಳ್ಳಿದ.

“ಒಳಗ್ ಹೋಗು, ಯಾರಾದ್ರೂ ನೋಡ್ತಾರೆ. ನಿನ್ ಕಾಲೇಜಿನೋರು ಓಡಾಡೋ ರಸ್ತೆ,” ಎಂದ.